ದಿನದ ಬಾಡಿಗೆಗೆ ಹೋದ ಮನೆ

ಕಾಸರಗೋಡಿನ ಬೇಕಲ, ಉದುಮ, ಪಳ್ಳಿಕ್ಕರೆ ಕಡೆ ಬಾಡಿಗೆ ಮನೆ ಹುಡುಕುವವರು ಈಚೆಗೆ ಕೇಳಿಸಿಕೊಳ್ಳುವ ಉತ್ತರ ಒಂದೇ: "ಮನೆ ಉಂಟು, ಆದರೆ ತಿಂಗಳ ಲೆಕ್ಕಕ್ಕೆ ಕೊಡುವುದಿಲ್ಲ." ಮನೆಗಳಿಗೆ ಬರಗಾಲ ಬಂದ ಊರಲ್ಲ ಇದು. 2011ರ ಜನಗಣತಿಯಲ್ಲೇ ಕೇರಳದ ಕಟ್ಟಡಗಳಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ಖಾಲಿ ಬಿದ್ದಿದ್ದವು. ಗಲ್ಫಿನಲ್ಲಿರುವವರು ಕಟ್ಟಿಸಿ ಬೀಗ ಹಾಕಿಟ್ಟ ದೊಡ್ಡ ಮನೆಗಳು ನಮ್ಮ ಯಾವ ರಸ್ತೆಯಲ್ಲೂ ಕಾಣುತ್ತವೆ. ಆದರೆ ಆ ಮನೆಗಳು ಮೊದಲಿನಿಂದಲೂ ಬಾಡಿಗೆಗೆ ಇರಲಿಲ್ಲ. ಬಾಡಿಗೆಗೆ ಇದ್ದದ್ದು ಹೊರಗಿನಿಂದ ಮೆಟ್ಟಿಲಿಟ್ಟ ಮಹಡಿ, ಅಂಗಳದ ಬದಿಯ ಔಟ್‌ಹೌಸ್, ಮುರಕಲ್ಲಿನ ಸಾಲು ಕ್ವಾರ್ಟರ್ಸ್. ಒಂದು ವಾರ್ಡಿನಲ್ಲಿ ಇಂಥವು ಎಣಿಸಿದಷ್ಟೇ ಇರುತ್ತವೆ. ಅದರಲ್ಲಿ ನಾಲ್ಕೈದು ಪ್ರವಾಸಿಗರ ದಿನಬಾಡಿಗೆಗೆ ತಿರುಗಿದರೂ ಹುಡುಕುವವರಿಗೆ ಬಾಗಿಲು ಮುಚ್ಚಿದ ಹಾಗೆಯೇ.

ಹುಡುಕುವವರು ಯಾರು? 2009ರಲ್ಲಿ ಶುರುವಾದ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಗುತ್ತಿಗೆ ಅಧ್ಯಾಪಕರು, ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ನರ್ಸುಗಳು, ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತರು, ಹೆದ್ದಾರಿ 66ರ ಕೆಲಸಕ್ಕೆ ಬಂದವರು. ಇವರ ಜತೆಗೆ ಯಾರ ಲೆಕ್ಕಕ್ಕೂ ಬಾರದ ಇನ್ನೊಂದು ಗುಂಪುಂಟು. ಕೇರಳ ಸರ್ಕಾರದ ವಸತಿ ಯೋಜನೆಯಾದ ಲೈಫ್ ಮಿಷನ್‌ನಲ್ಲಿ ಮನೆ ಮಂಜೂರಾಗಿ ಹಳೆಯದನ್ನು ಕೆಡವಿದ ಕುಟುಂಬಗಳು. ಹೊಸ ಮನೆಗೆ ಕಾಂಕ್ರೀಟ್ ಬೀಳುವ ತನಕ ಇವರಿಗೆ ಅದೇ ವಾರ್ಡಿನಲ್ಲಿ ಒಂದು ಕ್ವಾರ್ಟರ್ಸ್ ಬೇಕು. ಮಕ್ಕಳ ಶಾಲೆ, ರೇಷನ್ ಅಂಗಡಿ, ಕೂಲಿ ಕೆಲಸ ಎಲ್ಲವೂ ಅಲ್ಲೇ ಇರುವುದರಿಂದ ದೂರ ಹೋಗುವ ಹಾಗೂ ಇಲ್ಲ.

ಎಲ್ಲ ಹೋಮ್‌ಸ್ಟೇಗಳನ್ನೂ ಒಂದೇ ಚೀಲಕ್ಕೆ ತುಂಬಿ ಬೈಯುವುದು ತಪ್ಪು. ಕೇರಳ ಪ್ರವಾಸೋದ್ಯಮ ಇಲಾಖೆ ಹೋಮ್‌ಸ್ಟೇಗೆ ಸಿಲ್ವರ್, ಗೋಲ್ಡ್, ಡೈಮಂಡ್ ಎಂದು ದರ್ಜೆ ಕೊಡುತ್ತದೆ. ಅದಕ್ಕೆ ಮೂಲ ಷರತ್ತು ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು, ಅತಿಥಿಗಳಿಗೆ ಬಿಡುವ ಕೋಣೆ ಆರಕ್ಕಿಂತ ಹೆಚ್ಚಿರಬಾರದು ಎಂಬುದು. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಖಾಲಿಯಾದ ಎರಡು ಕೋಣೆಯನ್ನು ಅತಿಥಿಗೆ ಬಿಟ್ಟು, ಬೆಳಗ್ಗೆ ನೀರುದೋಸೆ ಕೊಡುವ ಮನೆಯಿಂದ ಯಾವ ಬಾಡಿಗೆದಾರನಿಗೂ ನಷ್ಟವಿಲ್ಲ. ಆ ಕೋಣೆ ಹೇಗೂ ಬಾಡಿಗೆಗೆ ಬರುತ್ತಿರಲಿಲ್ಲ. ನಷ್ಟವಾಗುವುದು ಮನೆಯವರು ಯಾರೂ ಇಲ್ಲದ, ಬೀಗದ ಕೈಯನ್ನು ಕೋಡ್ ಹಾಕಿದ ಪೆಟ್ಟಿಗೆಯಲ್ಲಿಟ್ಟು ಅಡಿಯಿಂದ ಮುಡಿತನಕ ದಿನದ ಲೆಕ್ಕಕ್ಕೆ ಬಿಡುವ ಮನೆಯಿಂದ. ಇಲಾಖೆಯ ಪಟ್ಟಿಯಲ್ಲಿ ಇಂಥದ್ದಕ್ಕೆ ಸರ್ವಿಸ್ಡ್ ವಿಲ್ಲಾ ಎಂಬ ಬೇರೆಯೇ ವಿಭಾಗ ಇದೆ. ಆದರೂ ಆನ್‌ಲೈನ್ ಜಾಹೀರಾತಿನಲ್ಲಿ ಎರಡಕ್ಕೂ ಹೋಮ್‌ಸ್ಟೇ ಎಂದೇ ಬರೆಯುತ್ತಾರೆ. ಅರ್ಧ ಜಗಳ ಹುಟ್ಟುವುದು ಇಲ್ಲಿಂದಲೇ.

ಮಾಲೀಕರು ಯಾಕೆ ತಿರುಗುತ್ತಾರೆ ಎಂಬುದಕ್ಕೆ "ದುರಾಸೆ" ಎಂಬ ಉತ್ತರ ಸಾಲದು. ಲೆಕ್ಕ ಹಾಕಿ ನೋಡೋಣ. ಇಲ್ಲಿಯ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮೂರಿನ ದರ ಹಾಕಿ ಬದಲಿಸಿಕೊಳ್ಳಿ. ಎರಡು ಕೋಣೆಯ ಮನೆ, ತಿಂಗಳಿಗೆ 9,000 ರೂಪಾಯಿ. ವರ್ಷಕ್ಕೆ ಒಂದು ತಿಂಗಳು ಖಾಲಿ ಬಿತ್ತೆಂದರೆ 99,000. ಸುಣ್ಣ ಬಣ್ಣ, ಪಂಪು, ನಲ್ಲಿ ರಿಪೇರಿಗೆ 10,000 ಕಳೆದರೆ ಕೈಯಲ್ಲಿ ಉಳಿಯುವುದು 89,000. ಅದೇ ಮನೆಯನ್ನು ರಾತ್ರಿಗೆ 2,500ರಂತೆ ಬಿಟ್ಟರೆ ಬುಕಿಂಗ್ ಆ್ಯಪ್‌ನ ಕಮಿಷನ್ 15 ಶೇಕಡ ಎಂದರೆ 375, ಗುಡಿಸಿ ಒರೆಸಿ ಬೆಡ್‌ಶೀಟ್ ಒಗೆಯಲು ಸರಾಸರಿ 250, ಏಸಿ ಓಡಿದ ಕರೆಂಟಿಗೆ 200 ಹೋಗುತ್ತದೆ. ಒಂದು ರಾತ್ರಿಗೆ ಉಳಿದದ್ದು 1,675. ಇನ್ನು ಅತಿಥಿ ಬರಲಿ ಬಾರದಿರಲಿ ಆಗುವ ಖರ್ಚು: ನೋಡಿಕೊಳ್ಳುವವರ ಸಂಬಳ ತಿಂಗಳಿಗೆ 6,000ದಂತೆ 72,000, ಮಂಚ, ಏಸಿ, ಫ್ರಿಜ್, ಗೀಸರಿಗೆ ಹಾಕಿದ 3 ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ 60,000, ವೈಫೈ, ಪರವಾನಗಿ, ಚಿಲ್ಲರೆಗೆ 18,000. ಒಟ್ಟು ಒಂದೂವರೆ ಲಕ್ಷ. ತಿಂಗಳ ಬಾಡಿಗೆಯ 89,000ಕ್ಕೆ ಸಮ ಬರಬೇಕಾದರೆ ವರ್ಷಕ್ಕೆ 143 ರಾತ್ರಿ ಮನೆ ತುಂಬಬೇಕು.

143 ರಾತ್ರಿ ಅಂದರೆ ಕಾಸರಗೋಡಿನಲ್ಲಿ ಸಣ್ಣ ಮಾತಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಮಳೆ, ಸಮುದ್ರದ ಬದಿಗೆ ಕಾಲಿಡುವ ಹಾಗಿಲ್ಲ. ಓಣಂ ರಜೆ, ಕ್ರಿಸ್‌ಮಸ್, ಬೇಸಿಗೆ ರಜೆ, ನಡುವಿನ ಶನಿವಾರ ಭಾನುವಾರ ಸೇರಿಸಿದರೆ ಬೇಕಲ ಕೋಟೆಯಿಂದ ನಡೆದುಹೋಗುವಷ್ಟು ದೂರದ ಮನೆಗೆ ಆ ಸಂಖ್ಯೆ ದಾಟಬಹುದು. ಕಡಲಿನಿಂದ ದೂರದ ಬದಿಯಡ್ಕದಲ್ಲೋ ಪೆರ್ಲದಲ್ಲೋ ಯೂಟ್ಯೂಬ್ ನೋಡಿ ಏಸಿ ಹಾಕಿಸಿದ ಮನೆ 110 ರಾತ್ರಿ ತುಂಬಿದರೂ ಮಾಲೀಕನಿಗೆ ಉಳಿಯುವುದು 34,250 ಮಾತ್ರ. ತಿಂಗಳ ಬಾಡಿಗೆಯ ಅರ್ಧವೂ ಇಲ್ಲ. ಇದು ಹಲವರಿಗೆ ಎರಡನೇ ವರ್ಷ ಗೊತ್ತಾಗುತ್ತದೆ, ಅಷ್ಟರಲ್ಲಿ ಹಳೆಯ ಬಾಡಿಗೆದಾರರು ಬೇರೆ ಕಡೆ ಹೋಗಿ ಆಗಿರುತ್ತದೆ.

ಅದೇ ಲೆಕ್ಕದಲ್ಲಿ ನೋಡಿಕೊಳ್ಳುವವರ ಸಂಬಳವನ್ನು ಸ್ವಲ್ಪ ಅಲುಗಾಡಿಸಿ ನೋಡಿ. ಕೆಳಗೆ ತಾವೇ ಇದ್ದು ಮೇಲಿನ ಮಹಡಿ ಬಿಡುವವರಿಗೆ 72,000 ಇಲ್ಲ. ಅವರಿಗೆ 100 ರಾತ್ರಿ ಸಾಕು. ಸಂಬಳ, ಓಡಾಟ ಎರಡನ್ನೂ ಆರು ಮನೆಗಳಿಗೆ ಹಂಚಿ ನಡೆಸುವ ಏಜೆಂಟಿಗೆ ಮನೆಯೊಂದಕ್ಕೆ 24,000 ಬಿದ್ದರೆ 115 ರಾತ್ರಿ ಸಾಕು. ಅಂದರೆ ಒಂಟಿ ಮನೆಯ ಮಾಲೀಕ ಸೋಲುವ ಕಡೆ ಆರು ಮನೆ ಹಿಡಿದವನು ಗೆಲ್ಲುತ್ತಾನೆ. ಅವನು ಮಾಲೀಕರಿಗೆ "ನಿಮಗೆ ತಿಂಗಳಿಗೆ ಇಷ್ಟು ಖಾತ್ರಿ, ಉಳಿದದ್ದು ನನ್ನ ಜವಾಬ್ದಾರಿ" ಎಂದು ಲೀಸಿಗೆ ಕೇಳುವಾಗ ಬಾಡಿಗೆ ಮನೆಗಳು ಒಂದೊಂದಾಗಿ ಅಲ್ಲ, ಗೊಂಚಲಾಗಿ ಹೋಗುತ್ತವೆ. ನನ್ನ ಪ್ರಕಾರ ಪಂಚಾಯತು ಕಣ್ಣಿಡಬೇಕಾದದ್ದು ಇವನ ಮೇಲೆ, ದೋಸೆ ಹುಯ್ಯುವ ಅಕ್ಕನ ಮೇಲೆ ಅಲ್ಲ.

ಹಣದಷ್ಟೇ ಬಲವಾದ ಕಾರಣ ಇನ್ನೊಂದುಂಟು: ಕೊಟ್ಟ ಮನೆ ವಾಪಸು ಬರುವುದಿಲ್ಲ ಎಂಬ ಭಯ. 1965ರ ಕೇರಳ ಕಟ್ಟಡ (ಗೇಣಿ ಮತ್ತು ಬಾಡಿಗೆ ನಿಯಂತ್ರಣ) ಕಾಯ್ದೆ ಅನ್ವಯವಾಗುವ ಕಡೆ, ಬಾಡಿಗೆದಾರನನ್ನು ಎಬ್ಬಿಸಲು ಬಾಡಿಗೆ ನಿಯಂತ್ರಣ ನ್ಯಾಯಾಲಯದ ಆದೇಶ ಬೇಕು. ಬಾಡಿಗೆ ಬಾಕಿ, ಮಾಲೀಕರ ಸ್ವಂತ ವಾಸದ ನಿಜವಾದ ಅಗತ್ಯ, ಹೀಗೆ 11ನೇ ಸೆಕ್ಷನ್ನಿನಲ್ಲಿ ಹೇಳಿದ ಕಾರಣಗಳನ್ನು ಸಾಬೀತುಪಡಿಸಬೇಕು. ಎಲ್ಲರೂ ಮಾಡಿಕೊಳ್ಳುವ 11 ತಿಂಗಳ ಕರಾರು ಈ ರಕ್ಷಣೆಯನ್ನು ಅಳಿಸುವುದಿಲ್ಲ. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ ಹುಟ್ಟಿಕೊಂಡ ರೂಢಿ ಅದು, ಅಷ್ಟೇ. ಎರಡು ರಾತ್ರಿ ತಂಗಿ ಹೋಗುವ ಅತಿಥಿ ಬಾಡಿಗೆದಾರನಾಗುವುದಿಲ್ಲ, ಹಾಗಾಗಿ ಮಾಲೀಕರಿಗೆ ಅವನು ಹಗುರ.

ಇದರ ಮತ್ತೊಂದು ಮುಖ ಹಳ್ಳಿಯ ಬಾಡಿಗೆದಾರರು ತಿಳಿದಿರಬೇಕು. ಆ ಕಾಯ್ದೆ ಸರ್ಕಾರ ಅಧಿಸೂಚಿಸಿದ ಪ್ರದೇಶಗಳಿಗೆ ಮಾತ್ರ. ಬೇರೆ ಕಡೆ ಬರಹದ ಕರಾರು ಇಲ್ಲದೆ ತಿಂಗಳ ಬಾಡಿಗೆಗೆ ಇದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಸಾಕು. ನೋಟಿಸಿನ ಮೇಲೂ ಬಿಡದಿದ್ದರೆ ಮಾಲೀಕರು ಸಿವಿಲ್ ಕೋರ್ಟಿಗೆ ಹೋಗಬೇಕು, ಸಾಮಾನು ಹೊರಗೆ ಹಾಕುವ ಹಾಗಿಲ್ಲ. ಆದರೂ 15 ದಿನ ಎಂದರೆ ಮಗುವಿನ ಶಾಲೆಯ ಒಂದು ಪರೀಕ್ಷೆ ಮುಗಿಯುವಷ್ಟು ಹೊತ್ತು. ಆದ್ದರಿಂದ ಕರಾರಿನಲ್ಲಿ ಮೂರು ಸಾಲು ಬರೆಸಿಕೊಳ್ಳಿ. ಎರಡೂ ಕಡೆಯಿಂದ ಕನಿಷ್ಠ ಎರಡು ತಿಂಗಳ ನೋಟಿಸ್. ಕರಾರಿನ ಅವಧಿಯೊಳಗೆ ಸೀಸನ್ನಿಗೆಂದು ಮನೆ ತೆರವು ಮಾಡಿಸುವಂತಿಲ್ಲ. ಬಾಡಿಗೆ ಏರಿಕೆ ಎಷ್ಟು, ಯಾವ ತಿಂಗಳಿನಿಂದ. ಅಡ್ವಾನ್ಸ್ ಕೊಟ್ಟದ್ದಕ್ಕೆ ರಶೀದಿ ಇಲ್ಲದಿದ್ದರೆ ಬ್ಯಾಂಕ್ ಮೂಲಕವೇ ಕೊಡಿ. "ಏಪ್ರಿಲ್, ಮೇ ಎರಡು ತಿಂಗಳು ಊರಿಗೆ ಹೋಗಿ ಬನ್ನಿ, ಸಾಮಾನು ಒಂದು ಕೋಣೆಯಲ್ಲಿ ಇರಲಿ" ಎಂದು ಬಾಯಿಮಾತಿನಲ್ಲಿ ಹೇಳುವ ಮನೆ ಅಗ್ಗವಾಗಿ ಸಿಕ್ಕಿದರೂ ಒಪ್ಪಿಕೊಳ್ಳುವ ಮೊದಲು ಆ ಎರಡು ತಿಂಗಳು ಎಲ್ಲಿರುತ್ತೀರಿ ಎಂದು ಲೆಕ್ಕ ಹಾಕಿ.

ಮನೆ ಸಿಗದವರ ಕಷ್ಟ ಇಷ್ಟು. ಮನೆ ಇದ್ದವರಿಗೂ ತಟ್ಟುವ ವಿಷಯ ಬಾವಿ. ಇದನ್ನು ಯಾರೂ ಸರಿಯಾಗಿ ಲೆಕ್ಕ ಹಾಕುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಐದು ಜನರ ಮನೆಗೆ ಭಾರತೀಯ ಮಾನಕ ಹೇಳುವ ಸೆಪ್ಟಿಕ್ ಟ್ಯಾಂಕ್ ಉದ್ದ ಒಂದೂವರೆ ಮೀಟರ್, ಅಗಲ ಮುಕ್ಕಾಲು ಮೀಟರ್, ನೀರಿನ ಆಳ ಸುಮಾರು ಒಂದು ಮೀಟರ್. ಹಿಡಿಯುವುದು 1,125 ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬ ಮಾನದಂಡದಲ್ಲಿ ಪಾಯಿಖಾನೆಗೆ ಹೋಗುವುದು 45 ಲೀಟರ್. ಐದು ಜನರೆಂದರೆ 225 ಲೀಟರ್, ಅಂದರೆ ಟ್ಯಾಂಕಿಗೆ ಬಂದ ನೀರು ಸುಮಾರು ಐದು ದಿನ ಅಲ್ಲೇ ನಿಂತು ಕೊಳೆತು ತಿಳಿಯಾಗಿ ಇಂಗುಗುಂಡಿಗೆ ಇಳಿಯುತ್ತದೆ. ಅದೇ ಮನೆಗೆ "12 ಜನ ಮಲಗಬಹುದು" ಎಂದು ಹಾಕಿ ನೆಲದ ಮೇಲೂ ಹಾಸಿಗೆ ಬಿಡಿಸಿದರೆ ದಿನಕ್ಕೆ 540 ಲೀಟರ್. ನಿಲ್ಲುವುದು ಎರಡೇ ದಿನ. ಟ್ಯಾಂಕಿನ ಅರ್ಧಕ್ಕೆ ಕೆಸರು ತುಂಬಿದ್ದರೆ ಒಂದೇ ದಿನ. ಆಮೇಲೆ ಗುಂಡಿಗೆ ಇಳಿಯುವುದು ತಿಳಿನೀರಲ್ಲ, ಮಲವೇ.

ನಮ್ಮ ಮುರಕಲ್ಲಿನ ನೆಲ ತೂತು ತೂತು. ಕಲ್ಲಿನೊಳಗೆ ಕೊಳವೆಯ ಹಾಗೆ ದಾರಿಗಳಿರುವುದರಿಂದಲೇ ಇಲ್ಲಿ ಸುರಂಗ ಕೊರೆದರೆ ನೀರು ಬರುತ್ತದೆ. ಅದೇ ದಾರಿಯಲ್ಲಿ ಹೊಲಸೂ ಬೇಗ ಹರಿಯುತ್ತದೆ. ಬಾವಿಗೂ ಇಂಗುಗುಂಡಿಗೂ ಏಳೂವರೆ ಮೀಟರ್ ಅಂತರ ಇರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಐದು ಸೆಂಟು, ಆರು ಸೆಂಟಿನ ಜಾಗದಲ್ಲಿ ತಮ್ಮ ಬಾವಿಯಿಂದ ದೂರ ಇಟ್ಟ ಗುಂಡಿ ನೆರೆಯವರ ಬಾವಿಗೆ ಹತ್ತಿರ ಬಂದಿರುತ್ತದೆ. ಆಷಾಢದಲ್ಲಿ ನೀರು ಮೇಲೇರಿ ಗುಂಡಿ ಇಂಗುವುದಿಲ್ಲ, ಏಪ್ರಿಲ್‌ನಲ್ಲಿ ಬಾವಿಯಲ್ಲಿ ಮೊಳದಷ್ಟೇ ನೀರು ಉಳಿದು ಬೆರೆತದ್ದು ತೆಳುವಾಗುವುದಿಲ್ಲ. ಸಂಶಯ ಬಂದರೆ ಜಗಳಕ್ಕೆ ಹೋಗುವ ಮೊದಲು ನೀರು ಪರೀಕ್ಷೆ ಮಾಡಿಸಿ. ಲ್ಯಾಬಿನಿಂದಲೇ ಸ್ಟೆರಿಲೈಸ್ ಮಾಡಿದ ಬಾಟಲಿ ತನ್ನಿ, ಬಾವಿಯಿಂದ ಆಗಷ್ಟೇ ಸೇದಿದ ನೀರು ತುಂಬಿ ಐಸಿನ ಜತೆ ಅದೇ ದಿನ ಮುಟ್ಟಿಸಿ, ಮಲ ಬೆರೆತದ್ದನ್ನು ತೋರಿಸುವ ಈ-ಕೋಲೈ ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ಹೆಸರಿಸಿಯೇ ಕೇಳಿ. ಬ್ಲೀಚಿಂಗ್ ಪೌಡರ್ ಹಾಕಿದ ಮರುದಿನ ತೆಗೆದ ಮಾದರಿಯಿಂದ ಏನೂ ಗೊತ್ತಾಗುವುದಿಲ್ಲ.

ಬೇರೆ ದೇಶಗಳಲ್ಲಿ ಮಾಡಿದ್ದನ್ನು ಇಲ್ಲಿಗೆ ಹಾಗೇ ತಂದು ಹಾಕಲು ಆಗುವುದಿಲ್ಲ, ಆದರೆ ತಿಳಿದಿರುವುದು ಒಳ್ಳೆಯದು. ನ್ಯೂಯಾರ್ಕ್ 2023ರ ಸೆಪ್ಟೆಂಬರಿನಿಂದ ಬಿಗಿ ಮಾಡಿತು: 30 ದಿನಕ್ಕಿಂತ ಕಡಿಮೆಗೆ ಬಿಡುವುದಾದರೆ ನೋಂದಣಿ ಬೇಕು, ಮನೆಯವರು ಜತೆಗಿರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚಿರಬಾರದು. ಲಂಡನ್ನಿನಲ್ಲಿ ವರ್ಷಕ್ಕೆ 90 ರಾತ್ರಿಯ ಮಿತಿ. ಬಾರ್ಸಿಲೋನಾ 2024ರಲ್ಲಿ ತನ್ನ 10,101 ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿಯನ್ನು 2028ರ ನವೆಂಬರಿನ ನಂತರ ಮುಂದುವರಿಸುವುದಿಲ್ಲ ಎಂದಿತು. ಅದೇ ನಗರದ ಮೇಲೆ ನಡೆದ ಅಧ್ಯಯನದಲ್ಲಿ ಇಂಥ ದಿನಬಾಡಿಗೆಯಿಂದ ಸರಾಸರಿ ಬಾಡಿಗೆ ಏರಿದ್ದು 1.9 ಶೇಕಡ, ಏರ್‌ಬಿಎನ್‌ಬಿ ಎಂಬ ಬುಕಿಂಗ್ ಆ್ಯಪ್‌ನ ಮನೆಗಳು ದಟ್ಟವಾಗಿದ್ದ ಬೀದಿಗಳಲ್ಲಿ 7 ಶೇಕಡ. ಸರಾಸರಿ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ. ಹೊಡೆತ ಬೀಳುವುದು ಕೆಲವೇ ಬೀದಿಗಳಿಗೆ. ಅಮೆರಿಕದ ಲೆಕ್ಕದಲ್ಲೂ ಸ್ವಂತ ಮನೆಯಲ್ಲಿ ಮಾಲೀಕರೇ ವಾಸವಿರುವ ಪ್ರದೇಶಗಳಲ್ಲಿ ಪರಿಣಾಮ ಕಡಿಮೆ ಕಂಡಿತು. ನಮ್ಮಲ್ಲಿ ಜಿಲ್ಲೆಯ ಅಂಕಿ ತೆಗೆದು ಸಮಸ್ಯೆ ಇಲ್ಲ ಎನ್ನುವವರಿಗೆ ವಾರ್ಡಿನ ಅಂಕಿ ತೋರಿಸಬೇಕು.

ವಾರ್ಡಿನ ಅಂಕಿ ತೆಗೆಯುವುದು ಕಷ್ಟದ ಕೆಲಸವಲ್ಲ, ಗಲಿಬಿಲಿಯ ಕೆಲಸ. ಆ್ಯಪ್‌ನ ನಕ್ಷೆಯಲ್ಲಿ ಬುಕ್ ಮಾಡುವ ತನಕ ಮನೆಯ ನಿಖರ ಜಾಗ ಸಾಮಾನ್ಯವಾಗಿ ತೋರಿಸುವುದಿಲ್ಲ, ಒಂದು ವೃತ್ತ ಮಾತ್ರ ಕಾಣುತ್ತದೆ. ಒಂದೇ ಮನೆ ಮೂರು ಆ್ಯಪ್‌ನಲ್ಲಿ ಮೂರು ಹೆಸರಿನಲ್ಲಿ ಇರುತ್ತದೆ, ಒಂದೇ ಮನೆಯ ಮೂರು ಕೋಣೆ ಮೂರು ಮನೆಯ ಹಾಗೆ ಕಾಣುತ್ತದೆ. ಹೆಸರು ಬಿಡಿ, ಫೋಟೋ ನೋಡಿ: ಜಗಲಿಯ ಟೈಲ್ಸ್, ಕಿಟಕಿಯ ಗ್ರಿಲ್ಲಿನ ವಿನ್ಯಾಸ, ಅಂಗಳದ ತೆಂಗಿನ ಮರ ಸುಳ್ಳು ಹೇಳುವುದಿಲ್ಲ. "ಪೂರ್ತಿ ಮನೆ" ಎಂದು ಇದ್ದದ್ದನ್ನು ಬೇರೆ ಬರೆದುಕೊಳ್ಳಿ, ಒಬ್ಬರೇ ಎಷ್ಟು ಮನೆ ನಡೆಸುತ್ತಾರೆ ಎಂಬುದನ್ನು ಅವರ ಪ್ರೊಫೈಲಿನಲ್ಲಿ ಎಣಿಸಿ. ಕ್ಯಾಲೆಂಡರಿನಲ್ಲಿ ದಿನ ಮುಚ್ಚಿದೆ ಎಂದಾಕ್ಷಣ ಅತಿಥಿ ಬಂದರು ಎಂದಲ್ಲ, ಮಾಲೀಕರ ಮನೆಯ ಮದುವೆಯೂ ಇರಬಹುದು. ವಿಮರ್ಶೆಗಳ ಸಂಖ್ಯೆ ಹೆಚ್ಚು ನಂಬಿಕೆಗೆ ಯೋಗ್ಯ. ಇನ್‌ಸೈಡ್ ಏರ್‌ಬಿಎನ್‌ಬಿ ಎಂಬ ಯೋಜನೆಯವರು ಬಂದವರಲ್ಲಿ ಅರ್ಧದಷ್ಟು ಜನ ವಿಮರ್ಶೆ ಬರೆಯುತ್ತಾರೆ ಎಂದು ಹಿಡಿದು ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 30 ವಿಮರ್ಶೆ ಇದ್ದರೆ 60 ಸಲ ಬುಕ್ ಆಗಿದೆ, ಸಲಕ್ಕೆ ಎರಡು ರಾತ್ರಿಯಾದರೆ 120 ರಾತ್ರಿ.

ಇನ್ನು ನೆಲದ ಮಟ್ಟದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತಕರ್ಮ ಸೇನೆಯ ಹೆಂಗಸರಿಗೆ. ಪ್ಲಾಸ್ಟಿಕ್ ಒಯ್ಯಲು ಬಂದಾಗ ಗೋಡೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅವರ ಕಣ್ಣಿಗೆ, ಹಾಲಿನ ತೊಟ್ಟೆ ನಾಲ್ಕು ಇರಬೇಕಾದ ಚೀಲದಲ್ಲಿ ನೀರಿನ ಬಾಟಲಿ ನಲವತ್ತು ಕಂಡರೆ ಅದು ಯಾವ ಮನೆ ಎಂದು ಹೇಳಿಕೊಡಬೇಕಾಗಿಲ್ಲ.

ಪಂಚಾಯತಿನ ಕೈಯಲ್ಲಿ ಈಗಲೇ ಇರುವ ಹಿಡಿತ ಕಟ್ಟಡದ ಬಳಕೆಯ ವರ್ಗ. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮದಲ್ಲಿ ವಾಸದ ಮನೆ ಎ1, ತಂಗುಮನೆ ಎ2. ವಾಸಕ್ಕೆಂದು ನಂಬರ್ ಪಡೆದ ಕಟ್ಟಡದಲ್ಲಿ ಯಾರೂ ವಾಸವಿಲ್ಲದೆ ಬರೀ ಅತಿಥಿಗಳನ್ನು ಇಳಿಸಿದರೆ ಬಳಕೆ ಬದಲಾಗಿದೆಯೇ ಎಂದು ಕೇಳುವ ಅಧಿಕಾರ ಕಾರ್ಯದರ್ಶಿಗೆ ಇದೆ. ಕಡಲ ಬದಿಯವರಿಗೆ ಇನ್ನೊಂದು: 2019ರ ಕರಾವಳಿ ನಿಯಂತ್ರಣ ಅಧಿಸೂಚನೆ ಸ್ಥಳೀಯರಿಗೆ ಈಗಿರುವ ಮನೆಯಲ್ಲಿ ಹೋಮ್‌ಸ್ಟೇಗೆ ಅವಕಾಶ ಕೊಡುವುದು ಮನೆಯ ತಳದ ವಿಸ್ತೀರ್ಣವನ್ನೂ ಮುಂಭಾಗವನ್ನೂ ಬದಲಿಸದಿದ್ದರೆ ಮಾತ್ರ. ಹಿತ್ತಿಲಲ್ಲಿ ಹೊಸದಾಗಿ ಎದ್ದ ಮೂರು ಕಾಟೇಜು ಅದರಲ್ಲಿ ಬರುವುದಿಲ್ಲ. ರಾತ್ರಿಗಳ ಮಿತಿ, ಒಬ್ಬರಿಗೆ ಇಷ್ಟೇ ಮನೆ ಎಂಬ ಮಿತಿಗಳಿಗೆ ರಾಜ್ಯ ಸರ್ಕಾರದ ನಿಯಮ ಬೇಕಾಗುತ್ತದೆ, ಗ್ರಾಮಸಭೆ ಕೇಳಿಕೊಳ್ಳಬಹುದಷ್ಟೇ. ಕೇಳಿಕೊಳ್ಳಲಿ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರ ಹತ್ತನೇ ಒಂದು ಪಾಲು ಬಂದರೆ ಕೋರಂ. ಬರೀ ಭಾಷಣಕ್ಕಿಂತ ವಾರ್ಡಿನ ಪಟ್ಟಿ ಹಿಡಿದು ಹೋದವರ ಮಾತು ನಡಾವಳಿಗೆ ಏರುವ ಸಾಧ್ಯತೆ ಹೆಚ್ಚು.

ಪಟ್ಟಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಸಾಕು. ಕಾಸರಗೋಡಿನ ಕನ್ನಡಿಗರಿಗೆ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ, ಮಲಯಾಳದಲ್ಲಿ ತನ್ನಿ ಎಂದು ಕೌಂಟರಿನಲ್ಲಿ ಹೇಳಿದರೆ ಆ ಕಾಯ್ದೆಯ ಹೆಸರು ಹೇಳಿ. "ಎಷ್ಟು ಹೋಮ್‌ಸ್ಟೇ ಇದೆ" ಎಂದು ಕೇಳಬೇಡಿ, "ದಾಖಲೆ ಇಲ್ಲ" ಎಂಬ ಒಂದೇ ಸಾಲು ಬರುತ್ತದೆ. ಹೀಗೆ ಬಿಡಿಸಿ ಕೇಳಿ: ಕಳೆದ ಐದು ಆರ್ಥಿಕ ವರ್ಷಗಳಲ್ಲಿ ಎ1ರಿಂದ ಎ2ಕ್ಕೆ ಬದಲಾದ ಕಟ್ಟಡಗಳ ವಾರ್ಡುವಾರು ಸಂಖ್ಯೆ, ತಂಗುಮನೆ, ಹೋಮ್‌ಸ್ಟೇ, ವಿಲ್ಲಾ ಹೆಸರಿನಲ್ಲಿ ಕೊಟ್ಟ ಪರವಾನಗಿಗಳ ಸಂಖ್ಯೆ, ಅದೇ ಅವಧಿಯಲ್ಲಿ ಅನಧಿಕೃತ ಬಳಕೆಗೆ ಕೊಟ್ಟ ನೋಟಿಸುಗಳ ಪ್ರತಿ. ಪ್ರವಾಸೋದ್ಯಮ ಇಲಾಖೆಗೆ ಬೇರೆ ಅರ್ಜಿ ಹಾಕಿ ದರ್ಜೆ ಪಡೆದ ಹೋಮ್‌ಸ್ಟೇಗಳ ಪಟ್ಟಿ ಕೇಳಿ. ಆ್ಯಪ್‌ನಲ್ಲಿ ನೀವು ಎಣಿಸಿದ್ದಕ್ಕೂ ಈ ಎರಡು ಉತ್ತರಗಳಿಗೂ ನಡುವೆ ಎಷ್ಟು ವ್ಯತ್ಯಾಸ ಬರುತ್ತದೋ ಅಷ್ಟು ಮನೆಗಳು ಯಾವ ಪುಸ್ತಕದಲ್ಲೂ ಇಲ್ಲ. ಉತ್ತರಕ್ಕೆ 30 ದಿನ ಕಾಯಿರಿ. ಬಾರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದಕ್ಕೆ ಅರ್ಜಿಯ ಪ್ರತಿ ಮತ್ತು ಕಚೇರಿಯ ಸ್ವೀಕೃತಿ ಬೇಕಾಗುತ್ತದೆ, ಆದ್ದರಿಂದ ಅರ್ಜಿ ಕೊಟ್ಟ ದಿನವೇ ಸೀಲು ಹಾಕಿಸಿಕೊಂಡು ಬನ್ನಿ.